ಏರಿದ ಅಂಕಿ, ಮುಚ್ಚಿದ ಅಂಗಡಿ

ದಾವಣಗೆರೆಯಲ್ಲಿ ಜವಳಿ ಅಂಗಡಿ ನಡೆಸುವ ಓದುಗರೊಬ್ಬರು ನಮಗೆ ಬರೆದ ಪತ್ರದ ಸಾರ ಇದು: "2021ರ ಮೇ ತಿಂಗಳಿಡೀ ಕೋವಿಡ್ ನಿರ್ಬಂಧದಿಂದಾಗಿ ನನ್ನ ಅಂಗಡಿಯ ಬಾಗಿಲು ಮುಚ್ಚಿತ್ತು. ಅದೇ ತಿಂಗಳ ಜಿಎಸ್‌ಟಿ ಸಂಗ್ರಹ ಹಿಂದಿನ ವರ್ಷಕ್ಕಿಂತ ಶೇ 65ರಷ್ಟು ಏರಿದೆ ಎಂದು ಓದಿದಾಗ ಯಾವುದನ್ನು ನಂಬಬೇಕೆಂದು ತಿಳಿಯಲಿಲ್ಲ. ಈಗ ಊರಿನಲ್ಲಿ ಮತ್ತೆ ವ್ಯಾಪಾರ ಮಂದವಾಗಿದೆ. ರಾಜ್ಯದ ಆರ್ಥಿಕತೆ ಸೊರಗುತ್ತಿದೆಯೋ ಚೇತರಿಸಿಕೊಳ್ಳುತ್ತಿದೆಯೋ ಎಂದು ಅರಿಯಲು ನನ್ನಂಥವರು ಯಾವ ಅಂಕಿಯನ್ನು ನೋಡಬೇಕು? ಸರ್ಕಾರದಿಂದ ಏನನ್ನು ಕೇಳಬೇಕು?"

ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ಅಂಗಡಿಯ ಬಾಗಿಲು ಮುಚ್ಚಿದ್ದು ಎಷ್ಟು ನಿಜವೋ ಶೇ 65ರ ಏರಿಕೆಯೂ ಅಷ್ಟೇ ನಿಜ. ಆ ಅಂಕಿಯನ್ನು ನಾವು ಪತ್ರಿಕೆಯವರು ನಿಮ್ಮ ಮುಂದಿಟ್ಟ ರೀತಿಯಲ್ಲಿ ಕೊರತೆಯಿತ್ತು. ದೇಶದ ಜಿಎಸ್‌ಟಿ ಸಂಗ್ರಹ 2020ರ ಮೇ ತಿಂಗಳಲ್ಲಿ 62,009 ಕೋಟಿ ರೂಪಾಯಿ ಇದ್ದದ್ದು 2021ರ ಮೇ ತಿಂಗಳಲ್ಲಿ 1,02,709 ಕೋಟಿಗೆ ಏರಿತ್ತು. ಒಂದು ತಿಂಗಳು ಜಮೆಯಾಗುವ ತೆರಿಗೆ ಬಹುಮಟ್ಟಿಗೆ ಅದರ ಹಿಂದಿನ ತಿಂಗಳ ವಹಿವಾಟಿನದು. ಹೀಗಾಗಿ ಹೋಲಿಕೆ ನಡೆದದ್ದು 2021ರ ಏಪ್ರಿಲ್‌ ವ್ಯಾಪಾರಕ್ಕೂ ಇಡೀ ದೇಶವೇ ಬೀಗ ಹಾಕಿಕೊಂಡಿದ್ದ 2020ರ ಏಪ್ರಿಲ್‌ ವ್ಯಾಪಾರಕ್ಕೂ ನಡುವೆ. ನೀವು ಅಂಗಡಿ ಮುಚ್ಚಿದ ತಿಂಗಳ ಲೆಕ್ಕ ಅದರಲ್ಲಿ ಬಂದೇ ಇರಲಿಲ್ಲ. ಇನ್ನೂ ಒಂದು ವರ್ಷ ಹಿಂದಕ್ಕೆ ಹೋಗಿ 2019ರ ಮೇ ತಿಂಗಳ 1,00,289 ಕೋಟಿಯ ಪಕ್ಕದಲ್ಲಿಟ್ಟು ನೋಡಿದರೆ ಎರಡು ವರ್ಷಗಳಲ್ಲಿ ಆದ ಏರಿಕೆ ಶೇ 2.4 ಮಾತ್ರ. ಆ ಎರಡು ವರ್ಷಗಳ ಬೆಲೆಯೇರಿಕೆಯನ್ನು ಕಳೆದರೆ ಉಳಿಯುವುದು ಇಳಿಕೆಯೇ. ಬಿದ್ದ ವರ್ಷವನ್ನು ಆಧಾರವಾಗಿಟ್ಟುಕೊಂಡು ಲೆಕ್ಕ ಹಾಕಿದ ಶೇಕಡಾವಾರು ಏರಿಕೆಯನ್ನು ಶೀರ್ಷಿಕೆಯಲ್ಲಿ ಕಂಡಾಗಲೆಲ್ಲ, ಬೀಳುವುದಕ್ಕೆ ಮೊದಲಿನ ಮೊತ್ತ ಎಷ್ಟಿತ್ತು ಎಂಬುದನ್ನು ಹುಡುಕಿ ನೋಡಿ ಎಂಬುದು ನಮ್ಮ ಮೊದಲ ಸಲಹೆ.

ಎರಡನೆಯ ಮಾತು ಇನ್ನೂ ಮುಖ್ಯವೆಂದು ನಾವು ತಿಳಿದಿದ್ದೇವೆ. ಹಿಂಜರಿತದ ಕಾಲದಲ್ಲಿ ಕೆಲವು ಸೂಚಕಗಳು ಕಷ್ಟದ ಕಾರಣದಿಂದಲೇ ಮೇಲೇರುತ್ತವೆ. ವಿದ್ಯುತ್‌ ಬಳಕೆಯನ್ನೇ ತೆಗೆದುಕೊಳ್ಳಿ. ಕಾರ್ಖಾನೆ ಓಡಿದರೆ ವಿದ್ಯುತ್‌ ಬೇಕು, ಆದ್ದರಿಂದ ಬಳಕೆ ಏರಿದರೆ ಆರ್ಥಿಕತೆ ಚುರುಕಾಗಿದೆ ಎಂಬುದು ಸಾಮಾನ್ಯ ತರ್ಕ. ಆದರೆ ಕರ್ನಾಟಕದಲ್ಲಿ ಬಳಕೆಯಾಗುವ ವಿದ್ಯುತ್ತಿನ ದೊಡ್ಡ ಪಾಲು ರೈತರ ಪಂಪ್‌ಸೆಟ್ಟುಗಳಿಗೆ ಹೋಗುತ್ತದೆ. 2023ರಲ್ಲಿ ಮುಂಗಾರು ಕೈಕೊಟ್ಟು 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿದ ವರ್ಷ, ಮಳೆಗಾಲದಲ್ಲಿ ತಗ್ಗಬೇಕಾಗಿದ್ದ ವಿದ್ಯುತ್‌ ಬೇಡಿಕೆ ಆಗಸ್ಟ್‌ ತಿಂಗಳಲ್ಲೇ ಬೇಸಿಗೆಯಂತೆ ಏರಿತು. ಒಣಗುತ್ತಿದ್ದ ಪೈರನ್ನು ಉಳಿಸಿಕೊಳ್ಳಲು ರೈತರು ಕೊಳವೆಬಾವಿಗಳನ್ನು ಬಿಡುವಿಲ್ಲದೆ ಓಡಿಸಿದ್ದು ಅದಕ್ಕೆ ಒಂದು ದೊಡ್ಡ ಕಾರಣ. ಆ ಏರಿಕೆಯನ್ನು ಬೆಳವಣಿಗೆಯೆಂದು ಓದುವುದು ಜ್ವರದಿಂದ ಕೆಂಪಾದ ಮುಖವನ್ನು ಕಂಡು ಆರೋಗ್ಯ ಸುಧಾರಿಸಿತು ಎಂದಂತೆ. ಆದ್ದರಿಂದ ಒಟ್ಟು ಬಳಕೆಯನ್ನು ಬಿಟ್ಟು, ಕೈಗಾರಿಕೆಗಳ ಎಚ್‌ಟಿ (ಅಧಿಕ ಒತ್ತಡದ) ಸಂಪರ್ಕಗಳ ಬಳಕೆ ಎಷ್ಟು, ಪಂಪ್‌ಸೆಟ್ಟುಗಳದ್ದು ಎಷ್ಟು ಎಂದು ಬೇರೆಬೇರೆಯಾಗಿ ಕೇಳಬೇಕು.

ಅಬಕಾರಿ ಆದಾಯದ ಕಥೆಯೂ ಇಂಥದೇ. 2020-21ರಲ್ಲಿ ಮದ್ಯದಂಗಡಿಗಳು ವಾರಗಟ್ಟಲೆ ಮುಚ್ಚಿದ್ದರೂ ಬಜೆಟ್ಟಿನಲ್ಲಿ ಇಟ್ಟಿದ್ದ 22,700 ಕೋಟಿ ರೂಪಾಯಿಯ ಗುರಿಯನ್ನು ಅಬಕಾರಿ ಇಲಾಖೆ ದಾಟಿತು. ಬಜೆಟ್ಟಿನಲ್ಲಿ ಹೆಚ್ಚಿಸಿದ್ದ ಸುಂಕದ ಮೇಲೆ ಮೇ ತಿಂಗಳಲ್ಲಿ ಮತ್ತೊಮ್ಮೆ ಹೆಚ್ಚಿಸಿದ್ದನ್ನು ಗಮನಿಸದೆ ಈ ಅಂಕಿಯನ್ನು ಓದಿದರೆ ಜನರ ಕೈಯಲ್ಲಿ ಹಣ ಓಡಾಡುತ್ತಿತ್ತು ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ನೋಂದಣಿ ಮತ್ತು ಮುದ್ರಾಂಕ ಶುಲ್ಕದ ವಿಷಯದಲ್ಲೂ ಅಷ್ಟೇ. 2023ರ ಅಕ್ಟೋಬರ್‌ 1ರಿಂದ ಸ್ಥಿರಾಸ್ತಿಗಳ ಮಾರ್ಗಸೂಚಿ ದರ (ಶುಲ್ಕದ ಲೆಕ್ಕಕ್ಕೆ ಸರ್ಕಾರ ನಿಗದಿಪಡಿಸುವ ಕನಿಷ್ಠ ಬೆಲೆ) ಪರಿಷ್ಕರಣೆಯಾದ ಮೇಲೆ ಅಷ್ಟೇ ನಿವೇಶನಗಳು ಮಾರಾಟವಾದರೂ ಖಜಾನೆಗೆ ಹೆಚ್ಚು ಹಣ ಬರುತ್ತದೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಎಷ್ಟು ಪತ್ರಗಳು ನೋಂದಣಿಯಾದವು ಎಂಬ ಎಣಿಕೆಯನ್ನು ನೋಡಿ; ಜನ ನಾಳೆಯ ಬಗ್ಗೆ ಎಷ್ಟು ಧೈರ್ಯವಾಗಿದ್ದಾರೆ ಎಂಬುದನ್ನು ರೂಪಾಯಿಗಿಂತ ಆ ಎಣಿಕೆ ಚೆನ್ನಾಗಿ ಹೇಳುತ್ತದೆ.

ನಿರುದ್ಯೋಗದ ಅಂಕಿಯ ಬಗ್ಗೆ ಸ್ವಲ್ಪ ದೀರ್ಘವಾಗಿ ಬರೆಯಬೇಕಾಗಿದೆ. ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ ದೇಶದ ನಿರುದ್ಯೋಗ ದರ 2019-20ರಲ್ಲಿ ಶೇ 4.8 ಇದ್ದದ್ದು 2020-21ರಲ್ಲಿ ಶೇ 4.2ಕ್ಕೆ ಇಳಿಯಿತು. ನೆನಪಿಡಿ, ಈ ಎರಡನೆಯ ಅವಧಿ 2020ರ ಜುಲೈಯಿಂದ 2021ರ ಜೂನ್‌ವರೆಗಿನದು. ಕೋವಿಡ್ ಸೋಂಕಿನ ಎರಡನೆಯ ಅಲೆ ಬಹುಮಟ್ಟಿಗೆ ಅದರೊಳಗೆ ಬರುತ್ತದೆ. ಕೆಲಸ ಕಳೆದುಕೊಂಡವರು ಎಲ್ಲಿ ಹೋದರು ಎಂಬುದಕ್ಕೆ ಉತ್ತರ ಅದೇ ಸಮೀಕ್ಷೆಯ ಇನ್ನೊಂದು ಪುಟದಲ್ಲಿದೆ. ಕೃಷಿಯನ್ನು ಅವಲಂಬಿಸಿದ ದುಡಿಯುವವರ ಪಾಲು 2018-19ರಲ್ಲಿ ಶೇ 42.5 ಇದ್ದದ್ದು ಮುಂದಿನ ವರ್ಷ 45.6ಕ್ಕೂ ಅದರಾಚೆಯ ವರ್ಷ 46.5ಕ್ಕೂ ಏರಿತ್ತು. ದಶಕಗಳಿಂದ ಕುಗ್ಗುತ್ತ ಬಂದಿದ್ದ ಪಾಲು ಹಿಂದಕ್ಕೆ ತಿರುಗಿತ್ತು. ಬೆಂಗಳೂರಿಗೆ ಗುಳೆ ಹೋಗಿದ್ದ ಯಾದಗಿರಿಯ ಯುವಕ ಕಟ್ಟಡ ಕೆಲಸ ನಿಂತು ಊರಿಗೆ ಮರಳಿ ಅಪ್ಪನ ಎರಡೆಕರೆಯಲ್ಲಿ ಕಳೆ ಕೀಳಲು ನಿಂತರೆ, ಅವನಿಗೆ ಒಂದು ರೂಪಾಯಿ ಕೂಲಿ ಸಿಗದಿದ್ದರೂ ಸಮೀಕ್ಷೆ ಅವನನ್ನು ಉದ್ಯೋಗಸ್ಥನೆಂದೇ ಬರೆದುಕೊಳ್ಳುತ್ತದೆ. ನಿಯಮದ ಪ್ರಕಾರ ಅದು ತಪ್ಪೂ ಅಲ್ಲ. ಆದರೆ ನಿರುದ್ಯೋಗ ದರವೊಂದನ್ನೇ ಹಿಡಿದುಕೊಂಡು ಆ ವರ್ಷ ಸುಖವಾಗಿತ್ತು ಎಂದು ಬರೆಯುವವರು ಆ ಯುವಕನಿಗೆ ಅನ್ಯಾಯ ಮಾಡುತ್ತಾರೆ.

ಆ ಯುವಕನನ್ನು ಹುಡುಕಬೇಕಾದರೆ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಾದ ನರೇಗಾದ ಆಗಿನ ಲೆಕ್ಕಕ್ಕೆ ಹೋಗಬೇಕು. ದೇಶದಲ್ಲಿ 2019-20ರಲ್ಲಿ ಸುಮಾರು 265 ಕೋಟಿ ಮಾನವ ದಿನಗಳ ಕೆಲಸ ನಡೆದಿದ್ದರೆ 2020-21ರಲ್ಲಿ ಅದು ಸುಮಾರು 389 ಕೋಟಿಗೆ ಜಿಗಿಯಿತು; ಬಜೆಟ್ಟಿನಲ್ಲಿದ್ದ 61,500 ಕೋಟಿಯ ಮೇಲೆ ಕೇಂದ್ರ ಇನ್ನೂ 40,000 ಕೋಟಿ ರೂಪಾಯಿ ಕೊಡಬೇಕಾಯಿತು. ಕರ್ನಾಟಕದಲ್ಲಿ ಆಗಿನ ಕೂಲಿ ದಿನಕ್ಕೆ 275 ರೂಪಾಯಿ. ಹೊರಗೆ ಅದಕ್ಕಿಂತ ಹೆಚ್ಚು ಸಿಗುವಂತಿದ್ದರೆ ಬಿಸಿಲಿನಲ್ಲಿ ಕೆರೆಯ ಹೂಳೆತ್ತಲು ಅಷ್ಟೊಂದು ಮಂದಿ ಸಾಲುಗಟ್ಟುತ್ತಿರಲಿಲ್ಲ. ಆದ್ದರಿಂದಲೇ ಗ್ರಾಮೀಣ ಸಂಕಟವನ್ನು ಇಷ್ಟು ಬೇಗ ತೋರಿಸಿದ ಸೂಚಕ ಇನ್ನೊಂದಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಇಲ್ಲೂ ಒಂದು ಎಚ್ಚರ ಬೇಕು: ಹಣ ಮುಗಿದರೆ ಕೆಲಸವೂ ನಿಲ್ಲುತ್ತದೆ, ಹೀಗಾಗಿ ಕೆಲಸ ಸಿಕ್ಕವರ ಸಂಖ್ಯೆಗಿಂತ ಕೆಲಸ ಕೇಳಿದವರ ಸಂಖ್ಯೆಯನ್ನು ನೋಡಬೇಕು.

ಇದರ ಜೊತೆಗೆ ಚಿನ್ನದ ಸಾಲವನ್ನು ಗಮನಿಸಿ. 2020ರ ಆಗಸ್ಟ್‌ನಲ್ಲಿ ರಿಸರ್ವ್‌ ಬ್ಯಾಂಕು, ಅಡವಿಟ್ಟ ಆಭರಣದ ಮೌಲ್ಯದ ಶೇ 75ರವರೆಗೆ ಮಾತ್ರ ಸಾಲ ಕೊಡಬಹುದೆಂಬ ಮಿತಿಯನ್ನು ಬ್ಯಾಂಕುಗಳಿಗೆ ಮುಂದಿನ ಮಾರ್ಚ್‌ವರೆಗೆ ಶೇ 90ಕ್ಕೆ ಏರಿಸಿತ್ತು. ಮನೆಯ ಹೆಣ್ಣುಮಕ್ಕಳ ಕೊರಳಿನ ಸರ ಯಾವಾಗ ಗಿರವಿ ಅಂಗಡಿ ಸೇರುತ್ತದೆ ಎಂಬುದು ನಿಮಗೆ ಗೊತ್ತಿಲ್ಲದ್ದಲ್ಲ. ಸ್ಥಳೀಯ ಪತ್ರಿಕೆಗಳ ಒಳಪುಟಗಳಲ್ಲಿ ಬರುವ ಆಭರಣ ಹರಾಜಿನ ಪ್ರಕಟಣೆಗಳು ಎಷ್ಟು ಅಂಕಣ ಹಿಡಿಯುತ್ತಿವೆ ಎಂದು ತಿಂಗಳಿಂದ ತಿಂಗಳಿಗೆ ನೋಡುತ್ತ ಬಂದರೆ ನಿಮಗೇ ಒಂದು ಅಂದಾಜು ಸಿಗುತ್ತದೆ.

ರಾಜ್ಯದ ಒಟ್ಟು ಉತ್ಪನ್ನವನ್ನು ನಾವು ಕೊನೆಗಿಟ್ಟದ್ದು ಅದು ತಡವಾಗಿ ಬರುತ್ತದೆ, ಬಂದ ಮೇಲೂ ಬದಲಾಗುತ್ತದೆ ಎಂಬ ಕಾರಣಕ್ಕೆ. 2020-21ರಲ್ಲಿ ದೇಶದ ಆರ್ಥಿಕತೆ ಶೇ 7.3ರಷ್ಟು ಕುಗ್ಗಿತು ಎಂದು 2021ರ ಮೇ ತಿಂಗಳಲ್ಲಿ ಹೇಳಿದ್ದು 2022ರಲ್ಲಿ ಶೇ 6.6 ಆಯಿತು, 2023ರಲ್ಲಿ ಶೇ 5.8 ಆಯಿತು. ರಾಜ್ಯದ ಅಂದಾಜುಗಳೂ ಹೀಗೆಯೇ ಪರಿಷ್ಕರಣೆಗೊಳ್ಳುತ್ತವೆ. ಜೊತೆಗೆ ಕರ್ನಾಟಕದ ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರದೇ. ಸಾಫ್ಟ್‌ವೇರ್‌ ಕಂಪನಿಗಳು ಮನೆಯಿಂದಲೇ ಕೆಲಸ ನಡೆಸಿ ರಫ್ತು ಉಳಿಸಿಕೊಂಡರೆ ರಾಜ್ಯದ ಸರಾಸರಿ ನೆಟ್ಟಗೆ ನಿಲ್ಲುತ್ತದೆ. ಅದೇ ಹೊತ್ತಿಗೆ ಇಳಕಲ್ಲಿನ ಮಗ್ಗಗಳು ನಿಂತಿದ್ದರೂ ಆ ಸರಾಸರಿಯಲ್ಲಿ ಅದು ಕಾಣಿಸುವುದಿಲ್ಲ.

ಸರ್ಕಾರದ ಸ್ವಂತ ಆರೋಗ್ಯವನ್ನು ಅರಿಯಲು ಸಿಎಜಿ (ಮಹಾಲೇಖಪಾಲರು) ಪ್ರತಿ ತಿಂಗಳು ರಾಜ್ಯವಾರು ಪ್ರಕಟಿಸುವ ಲೆಕ್ಕವಿದೆ. ಅದರಲ್ಲಿ ಬಂಡವಾಳ ವೆಚ್ಚದ ಸಾಲನ್ನು ಓದಿ. ಸಂಬಳ, ಪಿಂಚಣಿ, ಬಡ್ಡಿಯನ್ನು ಯಾವ ಸರ್ಕಾರವೂ ನಿಲ್ಲಿಸಲಾರದು. ಆದಾಯ ಕುಸಿದಾಗ ಮೊದಲು ಕತ್ತರಿ ಬೀಳುವುದು ರಸ್ತೆ, ಕಾಲುವೆ, ಶಾಲಾ ಕೊಠಡಿಗಳಿಗೆ. ವರ್ಷಗಟ್ಟಲೆ ರಾಜಸ್ವ ಹೆಚ್ಚುವರಿಯ (ದಿನನಿತ್ಯದ ಖರ್ಚಿಗಿಂತ ಆದಾಯ ಹೆಚ್ಚಿರುವ) ಬಜೆಟ್ಟನ್ನೇ ಮಂಡಿಸುತ್ತ ಬಂದಿದ್ದ ಕರ್ನಾಟಕ 2021-22ಕ್ಕೆ 15,133 ಕೋಟಿ ರೂಪಾಯಿ ರಾಜಸ್ವ ಕೊರತೆಯ ಬಜೆಟ್ಟನ್ನು ಮಂಡಿಸಬೇಕಾಯಿತು ಎಂಬುದೇ ಪೆಟ್ಟಿನ ಆಳವನ್ನು ಹೇಳುತ್ತದೆ.

ಇನ್ನು ಸರ್ಕಾರದಿಂದ ಏನನ್ನು ಕೇಳಬೇಕೆಂಬ ನಿಮ್ಮ ಕೊನೆಯ ಪ್ರಶ್ನೆ. ಅಮೆರಿಕದಲ್ಲಿ ಫಿಲಡೆಲ್ಫಿಯಾದ ಫೆಡರಲ್‌ ರಿಸರ್ವ್‌ ಬ್ಯಾಂಕು ಉದ್ಯೋಗ, ಕಾರ್ಖಾನೆಗಳಲ್ಲಿ ದುಡಿದ ಸರಾಸರಿ ಗಂಟೆ, ನಿರುದ್ಯೋಗ ದರ ಮತ್ತು ಸಂಬಳ ಈ ನಾಲ್ಕನ್ನು ಕೂಡಿಸಿ ಐವತ್ತೂ ರಾಜ್ಯಗಳಿಗೆ ತಿಂಗಳ ಸೂಚ್ಯಂಕವನ್ನು ಕೊಡುತ್ತದೆ. ನಮಗೆ ಅದರ ನಕಲು ಬೇಕಿಲ್ಲ. ಆಸ್ತಿ ನೋಂದಣಿಯ ಲೆಕ್ಕ ಕಾವೇರಿ ತಂತ್ರಾಂಶದಲ್ಲಿದೆ, ಖಜಾನೆಯ ಲೆಕ್ಕ ಖಜಾನೆ-2 ತಂತ್ರಾಂಶದಲ್ಲಿದೆ, ವಿದ್ಯುತ್ತಿನದು ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳಲ್ಲಿದೆ, ಕೆಲಸ ಕೇಳಿದವರದು ಗ್ರಾಮ ಪಂಚಾಯಿತಿಗಳಲ್ಲಿದೆ. ಇವೆಲ್ಲವನ್ನೂ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಒಂದೇ ಪುಟದಲ್ಲಿ, ತಿಂಗಳಿಗೊಮ್ಮೆ, ಕನ್ನಡದಲ್ಲಿ, ದಾವಣಗೆರೆಗೆ ಬೇರೆ, ಯಾದಗಿರಿಗೆ ಬೇರೆ, ಬೆಂಗಳೂರಿಗೆ ಬೇರೆಯಾಗಿ ಪ್ರಕಟಿಸಬೇಕೆಂದು ನಿಮ್ಮ ಶಾಸಕರಿಗೆ ಬರೆಯಿರಿ. ನಾವೂ ಬರೆಯುತ್ತೇವೆ.

ಸಂಪಾದಕ