ದಿನಾ ರಾತ್ರಿ ಮೂರು ಒಳ್ಳೆಯ ಸಂಗತಿ ಬರೆದಿಟ್ಟರೆ ನಿಜಕ್ಕೂ ಖುಷಿ ಹೆಚ್ಚುತ್ತದೆಯೇ?

ಹೆಚ್ಚುತ್ತದೆ, ಪ್ರತಿಯೊಂದಕ್ಕೂ ‘ಯಾಕಾಯಿತು’ ಅಂತಲೂ ಬರೆದರೆ. ಮನಸ್ಸು ಕೆಟ್ಟದ್ದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಒಳ್ಳೆಯದಕ್ಕೆ ಬೇಗ ಒಗ್ಗಿಹೋಗಿ ಅದನ್ನು ಗಮನಿಸುವುದನ್ನೇ ಬಿಡುತ್ತದೆ. ಬರೆಯಲು ಕೂತಾಗ ಆ ಗಮನ ಮರಳುತ್ತದೆ.

ಮಲಗುವ ಮುಂಚೆ ಹತ್ತು ನಿಮಿಷ ಸಾಕು. ‘ಮನೆಯಲ್ಲಿ ಎಲ್ಲ ಚೆನ್ನಾಗಿದೆ’ ಎಂಬಂಥ ಸಾಲಿನಿಂದ ಏನೂ ಆಗದು. ‘ಮಳೆಯಲ್ಲಿ ನೆನೆದು ಬಂದಾಗ ಅತ್ತಿಗೆ ಕೇಳದೆಯೇ ಶುಂಠಿ ಕಷಾಯ ಕೊಟ್ಟರು, ಬೆಳಿಗ್ಗೆ ನಾನು ಸೀನಿದ್ದು ಅವರಿಗೆ ನೆನಪಿತ್ತು’ ಎಂಬಷ್ಟು ನಿಖರವಾಗಿರಲಿ.

ಅಮೆರಿಕದ ಮನೋವಿಜ್ಞಾನಿ ಮಾರ್ಟಿನ್ ಸೆಲಿಗ್‌ಮನ್ ತಂಡದ 2005ರ ಅಧ್ಯಯನದಲ್ಲಿ ಜನರಿಗೆ ಬರೆಯಲು ಹೇಳಿದ್ದು ಒಂದೇ ವಾರ. ಖುಷಿಯ ಏರಿಕೆ ಕಂಡದ್ದು ತಿಂಗಳ ನಂತರ, ಉಳಿದದ್ದು ಆರು ತಿಂಗಳು. ಹಾಗಾಗಿ ನಾಲ್ಕೇ ದಿನಕ್ಕೆ ಕೈಬಿಡಬೇಡಿ. ಅವವೇ ಸಾಲುಗಳು ಮರುಕಳಿಸತೊಡಗಿದರೆ ವಾರಕ್ಕೊಮ್ಮೆ ಬರೆಯಿರಿ. ತೀವ್ರ ಖಿನ್ನತೆಯಿದ್ದರೆ ಮಾತ್ರ ಮೊದಲು ವೈದ್ಯರನ್ನು ಕಾಣಿ.