1000 ಗಜದ ಟಾರ್ಗೆಟ್‌ಗೆ ಸೆಮಿ ಆಟೋಮ್ಯಾಟಿಕ್ ರೈಫಲ್ ಯಾವ್ದು ತಗೊಳ್ಳೋದು?

ಅಮೆರಿಕದಲ್ಲಿದ್ದು 1000 ಗಜದ ರೇಂಜಲ್ಲಿ ಹೊಡೀಬೇಕು ಅಂತಿದ್ರೆ ಎಆರ್-10 ಮಾದರಿದು, 6.5 ಕ್ರೀಡ್‌ಮೂರ್ ಕ್ಯಾಲಿಬರಲ್ಲಿ (ಅಂದ್ರೆ ಗುಂಡಿನ ಅಳತೆ) ತಗೊಳ್ಳಿ. ಅದಕ್ಕಿಂತ ಚಿಕ್ಕ ಎಆರ್-15 ರೈಫಲ್‌ನ .223 ಗುಂಡು ತುಂಬ ಹಗುರ, ಅಷ್ಟು ದೂರಕ್ಕೆ ಗಾಳಿ ಎಳ್ಕೊಂಡು ಹೋಗತ್ತೆ. 2007ರಲ್ಲಿ ಬಂದ ಕ್ರೀಡ್‌ಮೂರ್ ಟಾರ್ಗೆಟ್ ಶೂಟಿಂಗ್‌ಗೇ ಅಂತ ಮಾಡಿದ್ದು, ಗುಂಡು ಉದ್ದ, ಸಪೂರ, ಗಾಳೀನ ಸಲೀಸಾಗಿ ಸೀಳ್ಕೊಂಡು ಹೋಗೋದ್ರಿಂದ ವೇಗ ಬೇಗ ಕಮ್ಮಿಯಾಗಲ್ಲ, ಸಾಮಾನ್ಯವಾಗಿ 1000 ಗಜ ದಾಟಿದ್ರೂ ಶಬ್ದದ ವೇಗಕ್ಕಿಂತ ಮೇಲೇ ಇರತ್ತೆ, ಆ ವೇಗಕ್ಕೆ ಇಳಿಯೋವಾಗ್ಲೇ ಗುಂಡು ಓಲಾಡಿ ಗುರಿ ತಪ್ಪೋ ಸಾಧ್ಯತೆ ಜಾಸ್ತಿ. .308 ಕ್ಯಾಲಿಬರ್ ಹಳೇ ನಂಬಿಕಸ್ಥ, ಬ್ಯಾರಲ್ ಬಾಳಿಕೆನೂ ಜಾಸ್ತಿ, ಆದ್ರೆ ಒದೆತ ಜೋರು, 1000 ಗಜಕ್ಕೆ ಏದುಸಿರು ಬಿಡತ್ತೆ. ಉಳಿದ ದುಡ್ಡು ಸ್ಕೋಪು, ಟ್ರಿಗರ್‌ಗೆ ಹಾಕಿ. ಬರೀ ನಿಖರತೆನೇ ಬೇಕಂದ್ರೆ (ನನ್ನ ಕೇಳಿದ್ರೆ) ಅದೇ ದುಡ್ಡಿಗೆ ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಕೈಯಲ್ಲೇ ಬೋಲ್ಟ್ ಎಳೆದು ಲೋಡ್ ಮಾಡೋ ರೈಫಲ್) ಮೇಲು, ಹೊಡೆಯೋವಾಗ ಒಳಗೆ ಅಲುಗಾಡೋ ಭಾಗ ಕಮ್ಮಿ.