ಲೀಡ್ಸ್‌ಗೆ ಬಂದಿಳಿದ ಸಾಗರದ ಸೋದರಿಗೆ, ಉಣ್ಣೆಯ ಕಸುಬಿನ ಬಗ್ಗೆ

ಪ್ರಿಯ ಸೋದರಿ,

ಪತಿಯ ಉದ್ಯೋಗದ ನಿಮಿತ್ತ ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಇನ್ನೂ ಹೆಚ್ಚು ದಿನವಾಗಿಲ್ಲವೆಂದೂ, ಹಗಲೆಲ್ಲ ಮನೆಯಲ್ಲಿ ಒಬ್ಬರೇ ಇರುತ್ತೀರೆಂದೂ ಬರೆದಿದ್ದೀರಿ. ಹೆಣಿಗೆ ಮತ್ತು ಕ್ರೋಶಾ ಚೆನ್ನಾಗಿ ಬರುತ್ತದೆ, ಅದನ್ನೇ ಮನೆಯಿಂದ ನಡೆಸುವ ಸಣ್ಣ ವ್ಯಾಪಾರವಾಗಿ ಮಾಡಿಕೊಳ್ಳಬಹುದೇ, ಊರಿನಿಂದ ಏನಾದರೂ ತರಿಸಿಕೊಳ್ಳಬೇಕೇ ಎಂಬುದು ನಿಮ್ಮ ಪ್ರಶ್ನೆ. ನಾನು ತೀರ್ಥಹಳ್ಳಿ ಕಡೆಯವಳು. ಲೀಡ್ಸ್ ಇರುವ ಇದೇ ಯಾರ್ಕ್‌ಷೈರ್‌ನಲ್ಲಿ ಬಹಳ ವರ್ಷಗಳಿಂದ ಉಣ್ಣೆ ದಾರಕ್ಕೆ ಬಣ್ಣ ಹಾಕಿ ಮಾರುತ್ತ, ಹೆಣಿಗೆ ಕಲಿಸುತ್ತ ಬಂದಿದ್ದೇನೆ. ವ್ಯಾಪಾರ ಖಂಡಿತ ಮಾಡಬಹುದು. ಆದರೆ ಸ್ವೆಟರು, ಟೋಪಿ ಹೆಣೆದು ಮಾರಿಯೇ ಸಂಪಾದಿಸುತ್ತೇನೆಂದು ಹೊರಟರೆ ಆಗದು.

ಏಕೆಂದರೆ ಲೆಕ್ಕ ಹೊಂದುವುದಿಲ್ಲ. ಇಲ್ಲಿ 21 ವರ್ಷ ತುಂಬಿದ ಕೆಲಸಗಾರರಿಗೆ 2025ರ ಏಪ್ರಿಲ್‌ನಲ್ಲಿ ನಿಗದಿಯಾದ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್. ಸ್ವಲ್ಪ ಕಸೂತಿ ಇರುವ ಟೋಪಿಯೊಂದಕ್ಕೆ ಐದು ಗಂಟೆ ಹಿಡಿಯಿತೆಂದರೆ, ದಾರದ ಬೆಲೆ ಬಿಟ್ಟು ಕೂಲಿಯೇ 61 ಪೌಂಡ್ ಆಗುತ್ತದೆ. ಅದೇ ಟೋಪಿಗೆ ಸಂತೆಯಲ್ಲಿ 25 ಪೌಂಡ್ ಎಂದರೂ ಜನ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಚೆನ್ನಾಗಿದೆಯೆಂದು ಹೊಗಳಿ, ಅಲ್ಲೇ ಇಟ್ಟು ಹೋಗುತ್ತಾರೆ. ಯಂತ್ರದಲ್ಲಿ ಹೆಣೆದದ್ದು ಅಂಗಡಿಯಲ್ಲಿ ಅದರ ಅರ್ಧಕ್ಕೂ ಕಡಿಮೆಗೆ ಸಿಗುತ್ತದೆ. ಆನ್‌ಲೈನ್‌ನಲ್ಲಿ ಮಾರಿದರೆ ಇನ್ನೊಂದು ಕಡಿತವಿದೆ: ಎಟ್ಸಿಯಂಥ ತಾಣ ವಸ್ತುವಿನ ಬೆಲೆಯ ಮೇಲೂ, ಗಿರಾಕಿ ಕೊಡುವ ಅಂಚೆ ವೆಚ್ಚದ ಮೇಲೂ ಸೇರಿಸಿಯೇ ನೂರಕ್ಕೆ 6.5ರಂತೆ ತೆಗೆದುಕೊಳ್ಳುತ್ತದೆ, ಹಣ ಪಾವತಿಗೆಂದು ಮತ್ತೆ ನೂರಕ್ಕೆ 4 ಮತ್ತು 20 ಪೆನ್ಸ್ ಹಿಡಿಯುತ್ತದೆ. 20 ಪೌಂಡ್ ಬೆಲೆಗೆ 4 ಪೌಂಡ್ ಅಂಚೆ ಸೇರಿದ ಒಂದು ಮಾರಾಟದಲ್ಲಿ ಈ ಎರಡಕ್ಕೇ 2.72 ಪೌಂಡ್ ಹೋಗುತ್ತದೆ. ನಮ್ಮ ಕನ್ನಡದ ಬಳಗಗಳಲ್ಲಿ ಮಾರಿದರೆ ಕಮಿಷನ್ ಇಲ್ಲ ನಿಜ, ಆದರೆ ಅಲ್ಲಿ “ನಮ್ಮವರೇ ತಾನೇ, ಸ್ವಲ್ಪ ನೋಡಿ ಹಾಕಿ” ಎನ್ನುವವರಿಂದ ತಪ್ಪಿಸಿಕೊಳ್ಳುವುದು ಅದಕ್ಕಿಂತ ಕಷ್ಟ.

ಹಾಗಾದರೆ ಉಳಿಯುವುದು ಏನೆಂದರೆ, ಹೆಣೆಯುವವರಿಗೆ ಬೇಕಾದದ್ದನ್ನು ಮಾರುವುದು. ಈ ದೇಶದಲ್ಲಿ ಹೆಣಿಗೆ ಬಡವರ ಅನಿವಾರ್ಯವಲ್ಲ, ಬಿಡುವಿನ ಹವ್ಯಾಸ. ಸಿದ್ಧ ಟೋಪಿಗೆ 25 ಪೌಂಡ್ ಕೊಡದ ಅದೇ ಮಹಿಳೆ, ಕೈಯಲ್ಲಿ ಬಣ್ಣ ಹಾಕಿದ 100 ಗ್ರಾಂ ದಾರದ ಲಡಿಗೆ ಸುಮಾರು ಅಷ್ಟೇ ಹಣವನ್ನು ಸಂತೋಷದಿಂದ ಕೊಡುತ್ತಾಳೆ. ನಿಮಗೆ ಟೋಪಿಯೊಂದಕ್ಕೆ ಐದು ಗಂಟೆ ಬೇಕು. ಲಡಿಗಳಾದರೆ ಒಂದೇ ಪಾತ್ರೆಯಲ್ಲಿ ನಾಲ್ಕೈದು ಒಟ್ಟಿಗೆ ಬೇಯುತ್ತವೆ. ದಾರ, ಸೂಜಿ ಮತ್ತು ಮಾಡುವ ಕ್ರಮವನ್ನು ಬರೆದ ಹಾಳೆಯನ್ನು ಒಂದು ಚೀಲದಲ್ಲಿಟ್ಟ ಕಿಟ್ ಕೂಡ ಹೋಗುತ್ತದೆ. ಕಲಿಸುವುದು ಎಲ್ಲಕ್ಕಿಂತ ಲಾಭದ್ದು, ಆದರೆ ಅದಕ್ಕೆ ಜನರ ಪರಿಚಯ ಬೇಕು, ಪರಿಚಯಕ್ಕೆ ಸಮಯ ಬೇಕು.

ಬಣ್ಣದ ವಿಷಯದಲ್ಲಿ ಮಲೆನಾಡಿನವರಿಗೆ ಒಂದು ಅನುಕೂಲವಿದೆ. ಅಡಿಕೆ ಬೇಯಿಸಿದ ನೀರಿನ, ಅಂದರೆ ಚೊಗರಿನ, ಕಲೆ ಬಟ್ಟೆಗೆ ಬಿದ್ದರೆ ಏನು ಮಾಡಿದರೂ ಹೋಗದೆಂಬುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೆಗ್ಗೋಡಿನ ಬಳಿ ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ ಚರಕ ಮಹಿಳಾ ಸಹಕಾರ ಸಂಘ ಆ ಚೊಗರನ್ನೇ ಹತ್ತಿಬಟ್ಟೆಯ ಬಣ್ಣವಾಗಿ ಬಳಸುವುದನ್ನು ಸಾಗರದವರಾದ ನೀವು ನೋಡಿಯೇ ಇರುತ್ತೀರಿ. ಅದರಲ್ಲಿ ಕೆಲಸ ಮಾಡುವುದು ಒಗರಿನ ಅಂಶ. ಉಣ್ಣೆಯ ಎಳೆ ಪ್ರಾಣಿಜನ್ಯವಾದ್ದರಿಂದ ಅಂಥ ಬಣ್ಣವನ್ನು ಹತ್ತಿಗಿಂತ ಸುಲಭವಾಗಿ ಹಿಡಿಯುತ್ತದೆ. ಇಲ್ಲಿ ಚೊಗರು ಸಿಗದಿದ್ದರೂ ಈರುಳ್ಳಿ ಸಿಪ್ಪೆ ಬೇಕಾದಷ್ಟು ಸಿಗುತ್ತದೆ, ತರಕಾರಿ ಅಂಗಡಿಯವರು ಬಿಟ್ಟಿಯಾಗಿಯೇ ಕೊಡುತ್ತಾರೆ. ಉಣ್ಣೆಯ ತೂಕದ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ, ಒದ್ದೆ ಲಡಿಯನ್ನು ಅದರಲ್ಲಿ ನಿಧಾನವಾಗಿ ಕಾಯಿಸಿ, ಬಳಿಕ ಉಣ್ಣೆಯಷ್ಟೇ ತೂಕದ ಒಣ ಸಿಪ್ಪೆಯನ್ನು ಕುದಿಸಿ ಸೋಸಿದ ನೀರಿನಲ್ಲಿ ಮುಳುಗಿಸಿದರೆ ಚಿನ್ನದ ಬಣ್ಣದಿಂದ ಕಿತ್ತಳೆಯವರೆಗೆ ಬರುತ್ತದೆ. ಲಡಿಯನ್ನು ಕುದಿಸಬಾರದು, ಕಲಕಬಾರದು, ಬಿಸಿಯಿಂದ ತೆಗೆದು ನೇರ ನಲ್ಲಿಯ ತಣ್ಣೀರಿಗೆ ಹಾಕಬಾರದು. ಹಾಕಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ದಾರ ಗಂಟುಗಟ್ಟಿ, ಕಾಲೊರಸಿಗಷ್ಟೇ ಲಾಯಕ್ಕಾಗುತ್ತದೆ. ಬಣ್ಣದ ಪಾತ್ರೆಯನ್ನು ಅಡುಗೆಗೆ ಮತ್ತೆ ಬಳಸದೆ ಬೇರೆಯಾಗಿಯೇ ಇಡಿ. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಯೊಳಗೆ ಸೂರ್ಯ ಮುಳುಗುವುದರಿಂದ, ವಿದ್ಯುದ್ದೀಪದಡಿ ನೋಡಿದ ಬಣ್ಣವನ್ನು ನಂಬಿ ಗಿರಾಕಿಗೆ ಫೋಟೊ ಕಳಿಸಬೇಡಿ. ಕ್ರಿಸ್‌ಮಸ್ ಮಾರಾಟಕ್ಕೆ ಬೇಕಾದ ಲಡಿಗಳನ್ನು ನಾನು ಬೇಸಿಗೆಯ ಬೆಳಕಿನಲ್ಲೇ ಮುಗಿಸಿಡುತ್ತೇನೆ.

ಯಾವ ಉಣ್ಣೆ ಕೊಳ್ಳಬೇಕೆಂದರೆ, ಮೊದಲಿಗೆ ನೂತು ಸಿದ್ಧವಾದ ಬಿಳಿ ದಾರವನ್ನೇ ಕೊಳ್ಳಿ. ಬ್ಲೂಫೇಸ್ಡ್ ಲೆಸ್ಟರ್ ತಳಿಯದು ಮೃದು, ಹೊಳಪೂ ಇದೆ. ನಮ್ಮ ಸುತ್ತಲಿನ ಗುಡ್ಡಗಳ ಸ್ವೇಲ್‌ಡೇಲ್ ಕುರಿಯದು ಒರಟು, ಹೆಚ್ಚಾಗಿ ಕಾರ್ಪೆಟ್‌ಗೆ ಹೋಗುತ್ತದೆ. ಕುರಿ ಸಾಕುವವರಿಗೆ ಉಣ್ಣೆಯಿಂದ ಬರುವ ಹಣ ಎಷ್ಟೋ ಬಾರಿ ಅದನ್ನು ಕತ್ತರಿಸಿದ ಕೂಲಿಗೂ ಸಾಲುವುದಿಲ್ಲ. ಹೀಗಾಗಿ ಯಾರಾದರೂ ಹಸಿ ಉಣ್ಣೆಯನ್ನು ಅಗ್ಗಕ್ಕೆ ಕೊಡುತ್ತೇನೆಂದು ಮುಂದೆ ಬಂದಾರು. ಬಾಡಿಗೆ ಮನೆಯಲ್ಲಿದ್ದು ಅದನ್ನು ಒಪ್ಪಬೇಡಿ. ತೂಕದಲ್ಲಿ ದೊಡ್ಡ ಪಾಲು ಜಿಡ್ಡು ಮತ್ತು ಕೊಳೆಯಾಗಿರುತ್ತದೆ, ತೊಳೆದ ನೀರು ಕೊಳವೆಯನ್ನು ಕಟ್ಟಿಸುತ್ತದೆ. ಒದ್ದೆ ದಾರವನ್ನು ಕೋಣೆಯೊಳಗೆ ಒಣಹಾಕಿದರೆ ಗೋಡೆಗೆ ಬೂಷ್ಟು ಹಿಡಿದು ಮನೆಯ ಮಾಲೀಕರೊಡನೆ ತಕರಾರು ಬರುತ್ತದೆ. ಮಲೆನಾಡಿನ ಮಳೆಗಾಲ ಕಂಡ ನಿಮಗೆ ಬೂಷ್ಟಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಕಿಟಕಿ ತೆರೆದಿಡಿ. ಅದಕ್ಕಿಂತ ದೊಡ್ಡ ಶತ್ರು ಬಟ್ಟೆ ತಿನ್ನುವ ಸಣ್ಣ ಪತಂಗ. ಅದರ ಹುಳು ಉಣ್ಣೆಯನ್ನೇ ತಿಂದು ಬೆಳೆಯುತ್ತದೆ. ಹೊರಗಿನಿಂದ ಬಂದ ಉಣ್ಣೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಎರಡು ವಾರ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿಟ್ಟು, ಆಮೇಲೆ ಕಪಾಟಿಗೆ ಸೇರಿಸಿ.

ಕಾನೂನಿನ ಭಾಗ ಬೇಗ ಮುಗಿಯುತ್ತದೆ. ನಿಮ್ಮ ಪತಿಯ ವೀಸಾ ಅವರನ್ನು ಕರೆಸಿದ ಕಂಪನಿಯ ಕೆಲಸಕ್ಕೆ ಕೊಟ್ಟದ್ದು, ಅವಲಂಬಿತರಾದ ನಿಮಗೆ ಸ್ವಂತ ಉದ್ಯೋಗ ಮಾಡುವ ಅವಕಾಶವಿದೆ. ಆದ್ದರಿಂದ ವ್ಯಾಪಾರ, ಖಾತೆ, ಬಿಲ್ಲು ಎಲ್ಲವೂ ನಿಮ್ಮ ಹೆಸರಿನಲ್ಲೇ ಇರಲಿ. ತೆರಿಗೆ ವರ್ಷ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ. ಆ ಅವಧಿಯಲ್ಲಿ ಮಾರಾಟದಿಂದ ಬಂದ ಹಣ 1,000 ಪೌಂಡ್ ದಾಟಿದರೆ ಆ ತೆರಿಗೆ ವರ್ಷ ಮುಗಿದ ಬಳಿಕ ಬರುವ ಅಕ್ಟೋಬರ್ 5ರೊಳಗೆ ತೆರಿಗೆ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಈ 1,000 ಎಂಬುದು ಲಾಭವಲ್ಲ, ಖರ್ಚು ಕಳೆಯುವ ಮೊದಲಿನ ಒಟ್ಟು ಮೊತ್ತ. ಸಿದ್ಧ ಬಟ್ಟೆಯಾಗಲಿ ದಾರವಾಗಲಿ, ಅದರಲ್ಲಿ ಉಣ್ಣೆ ಎಷ್ಟು, ಬೇರೆ ಎಳೆ ಎಷ್ಟು ಎಂಬುದನ್ನು ಚೀಟಿಯಲ್ಲಿ ಬರೆಯಬೇಕು. ಕ್ರೋಶಾ ಬೊಂಬೆಗಳ ಬಗ್ಗೆ ಆಸೆಯಿಂದ ಬರೆದಿದ್ದೀರಿ, ಆದರೆ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಯೆಂದರೆ ಸುರಕ್ಷತೆಯ ಪರೀಕ್ಷೆ, ದಾಖಲೆ, ಗುರುತು ಎಲ್ಲವೂ ಬೇಕಾಗುತ್ತದೆ. ಮೊದಲ ವರ್ಷ ಆ ಗೊಡವೆ ಬೇಡ. ಕರಕುಶಲ ಸಂತೆಯಲ್ಲಿ ಮೇಜು ಹಾಕುವ ಮೊದಲು ನಿಮ್ಮಿಂದ ಬೇರೆಯವರಿಗೆ ಹಾನಿಯಾದರೆ ಭರಿಸುವ ಸಾರ್ವಜನಿಕ ಹೊಣೆಗಾರಿಕೆಯ ವಿಮೆಯನ್ನು ಕೇಳುತ್ತಾರೆ, ಅದನ್ನು ಮಾಡಿಸಿಟ್ಟುಕೊಳ್ಳಿ.

ಒಬ್ಬರೇ ಇರುವ ಬೇಸರಕ್ಕೂ ಈ ಕಸುಬಿನಲ್ಲೇ ದಾರಿ ಇದೆ. ಹತ್ತಿರದ ಲೈಬ್ರರಿಯಲ್ಲೋ ಕಾಫಿ ಅಂಗಡಿಯಲ್ಲೋ ವಾರಕ್ಕೊಮ್ಮೆ ಹೆಣೆಯುವವರು ಸೇರುತ್ತಾರೆ, ವಿಚಾರಿಸಿದರೆ ತಿಳಿಯುತ್ತದೆ. ಮಾರಲು ಹೋಗಬೇಡಿ, ಹೆಣೆಯಲು ಹೋಗಿ. ಇಲ್ಲಿನವರು ಅಪರಿಚಿತರ ಮನೆಗೆ ನಮ್ಮ ಕಡೆಯಂತೆ ನೇರ ಬಂದು ಜಗಲಿಯ ಮೇಲೆ ಕೂರುವವರಲ್ಲ. ಆದರೆ ಕೈಯಲ್ಲಿ ಸೂಜಿಯಿದ್ದರೆ ಎದುರಿನವರ ಮುಖ ನೋಡಿ ಮಾತನಾಡಲೇಬೇಕೆಂಬ ಕಟ್ಟು ಇರುವುದಿಲ್ಲ, ಮಾತು ತಾನಾಗಿ ಬರುತ್ತದೆ. ನನ್ನ ಗಿರಾಕಿಗಳಲ್ಲಿ ಬಹುಪಾಲು ಹೀಗೆ ಜೊತೆಗೆ ಕೂತು ಹೆಣೆದವರೇ.

ಊರಿನಿಂದ ಏನು ತರಿಸಲಿ ಎಂದಿರಿ. ದಾರ ಬೇಡ, ಇಲ್ಲಿ ಅದಕ್ಕೆ ಕೊರತೆಯಿಲ್ಲ. ಯಾರಾದರೂ ಬರುವವರಿದ್ದರೆ ಚಳ್ಳಕೆರೆ ಕಡೆಯ ಕರಿಯ ಕಂಬಳಿಯೊಂದನ್ನು ತರಿಸಿ. ನಮ್ಮ ಗದ್ದೆಯಲ್ಲಿ ಕಂಬಳಿಯನ್ನೇ ಮಡಿಸಿ ತಲೆಗೆ ಕೊಪ್ಪೆ ಹಾಕಿಕೊಂಡು ಸುರಿಮಳೆಯಲ್ಲಿ ನಾಟಿ ಮಾಡುವುದು, ಹುಣಸೆಬೀಜದ ಗಂಜಿ ಹಚ್ಚಿ ಮಗ್ಗದಲ್ಲಿ ಉದ್ದಕ್ಕೆ ಹೂಡುವ ಹಾಸಿನ ನೂಲನ್ನು ಬಿಗಿ ಮಾಡುವುದು, ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಮೈಗೆ ಒದ್ದೆಯೆನಿಸದಿರುವುದು, ಇವನ್ನೆಲ್ಲ ಆ ಕಂಬಳಿ ಮುಟ್ಟಿಸಿ ವಿವರಿಸಿದರೆ ಇಲ್ಲಿಯ ಹೆಣಿಗೆಯವರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾರೆ. ನಾನು ಅದನ್ನು ಎರಡು ಗಂಟೆಯ ಪ್ರತ್ಯೇಕ ತರಗತಿಯಾಗಿಯೇ ಇಟ್ಟುಕೊಂಡಿದ್ದೇನೆ, ಅದರ ಶುಲ್ಕವೂ ಬೇರೆ.